ಮಾತು ಯಾರದೋ, ಶಿಳ್ಳೆ ಯಾರಿಗೋ!

ಮೊನ್ನೆ ಮೆಜೆಸ್ಟಿಕ್ಕಿನಲ್ಲಿ ನಿಂತುಕೊಂಡು, "ವಿಜಯಪುರದ ಬಸ್ಸು ಎಲ್ಲಿ ಬರುತ್ತೆ ಸ್ವಾಮಿ?" ಎಂದು ಪಕ್ಕದಲ್ಲಿದ್ದ ಪ್ರಯಾಣಿಕರೊಬ್ಬರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಕನಿಕರಪಟ್ಟರು. "ಹೊದಿಕೆ ತಂದಿಲ್ವಾ? ರಾತ್ರಿಯೆಲ್ಲಾ ಪ್ರಯಾಣ ಸ್ವಾಮಿ. ಬೆಳಿಗ್ಗೆ ಇಳಿದ ತಕ್ಷಣ ಗೋಳಗುಮ್ಮಟ ನೋಡ್ಕೊಂಡ್ಬಿಡಿ, ಆಮೇಲೆ ಬಿಸಿಲು!" ಎಂದರು.

ನಾನು ಹೊರಟಿದ್ದು ಗೋಳಗುಮ್ಮಟಕ್ಕಲ್ಲ, ನಮ್ಮ ಮನೆಗೆ! ದೇವನಹಳ್ಳಿ ದಾಟಿ ಸಿಗುವ ರೇಷ್ಮೆ ಗೂಡಿನ ವಿಜಯಪುರಕ್ಕೆ. ಬೆಂಗಳೂರಿಂದ ಸುಮಾರು 50 ಕಿಲೋಮೀಟರು. ಆ ಪುಣ್ಯಾತ್ಮರು ನನ್ನನ್ನು ಕಳಿಸಲು ಹೊರಟಿದ್ದು 500 ಕಿಲೋಮೀಟರಿಗೂ ದೂರದ ಊರಿಗೆ. 2014ರ ನವೆಂಬರ್ 1ರಂದು ಬಿಜಾಪುರ 'ವಿಜಯಪುರ'ವಾಯಿತು ನೋಡಿ, ಅವತ್ತಿನಿಂದ ನಮ್ಮೂರಿಗೆ ಬಂದ ಗ್ರಹಚಾರ ಇದು. ದೊಡ್ಡವರು ಚಿಕ್ಕವರ ಹೆಸರಿಟ್ಟುಕೊಂಡರೆ ಹೆಸರು ದೊಡ್ಡವರದಾಗುತ್ತದೆ, ಚಿಕ್ಕವರು "ಯಾವ ವಿಜಯಪುರ?" ಎಂಬ ಪ್ರಶ್ನೆಗೆ ಜೀವನಪೂರ್ತಿ ಉತ್ತರ ಹೇಳುತ್ತಾ ಕೂರಬೇಕಾಗುತ್ತದೆ.

ಈ ಅನ್ಯಾಯವನ್ನು ನಮ್ಮೂರ ಟೀ ಅಂಗಡಿಯಲ್ಲಿ ಬಿಸಿಬಿಸಿಯಾಗಿ ತೋಡಿಕೊಂಡೆ. ಬೀಡಿ ಹಚ್ಚುತ್ತಿದ್ದ ಒಬ್ಬ ತಾತ, "ಲೇ ಮಗಾ, ನಮ್ದೂ ಸ್ವಂತದ್ದಲ್ಲ ಕಣ್ಲಾ. ನಮ್ಮಪ್ಪನ ಕಾಲ್ದಲ್ಲಿ ಇದು ವಡಿಗೇನಹಳ್ಳಿ. ನಾವೂ ಹೊಸ ಹೆಸ್ರು ಇಟ್ಕೊಂಡೋರೇ" ಎಂದು ನನ್ನ ಬಲೂನಿಗೆ ಸೂಜಿ ಚುಚ್ಚಿದರು.

ನಿಜ ಸ್ವಾಮಿ. ಹಳೆಯ ಗೆಜೆಟಿಯರಿನಲ್ಲೂ ನಮ್ಮೂರು ವಡಿಗೇನಹಳ್ಳಿಯೇ. ಹೆಸರು ಕೈಯಿಂದ ಕೈಗೆ ಹೋಗುತ್ತದೆ. ಹೆಸರೇ ಹೀಗಾದರೆ ಇನ್ನು ಮಾತಿನ ಪಾಡೇನು? ಯಾರೋ ಆಡಿದ ಮಾತು, ಇನ್ಯಾರೋ ಬರೆದ ಸಾಲು, ಮತ್ಯಾರದೋ ಫೋಟೋ ಕೆಳಗೆ ಅಚ್ಚಾಗಿ ಕೂತಿರುತ್ತದಲ್ಲ... ಇವತ್ತಿನ ನಮ್ಮ ಕಥೆ ಅದರದ್ದು. ಕಡೆಯಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ದಯವಿಟ್ಟು ಇಂಟರ್‌ವಲ್ಲಿಗೇ ಎದ್ದು ಹೋಗಬೇಡಿ!

ಸತ್ತ ಮೇಲೂ ಜೋಕು!

ನನಗೆ ಚಿಕ್ಕಂದಿನಿಂದ ಒಂದು ಚಟ. ಚೆನ್ನಾಗಿರುವ ಮಾತು ಕಿವಿಗೆ ಬಿದ್ದರೆ ನೋಟುಬುಕ್ಕಿನಲ್ಲಿ ಬರೆದಿಡುವುದು. ಲಾರಿ ಹಿಂದಿನ ಬರಹ, ಸಲೂನಿನ ಕನ್ನಡಿ ಮೇಲಿನ ನೀತಿ, ಸಿನಿಮಾ ಡೈಲಾಗು, ಮಂತ್ರಿಗಳ ಭಾಷಣ ಎಲ್ಲಕ್ಕೂ ಒಂದೇ ಪಂಕ್ತಿ. ಎಡಗಡೆ ಮಾತು, ಬಲಗಡೆ ಹೇಳಿದವರ ಹೆಸರು. ನಲವತ್ತು ವರ್ಷದ ಮೇಲೆ ಆ ಬುಕ್ಕು ತೆಗೆದು ನೋಡಿದರೆ, ಎಡಗಡೆಯದು ಮುತ್ತಿನಂತಿದೆ, ಬಲಗಡೆಯದರಲ್ಲಿ ಅರ್ಧಕ್ಕರ್ಧ ಸುಳ್ಳು!

ಕನ್ನಡದಲ್ಲಿ ಒಂದು ಅಲಿಖಿತ ಕಾಯಿದೆಯಿದೆ. ಯಾರ ಜೋಕು ಎಂದು ಗೊತ್ತಿಲ್ಲದಿದ್ದರೆ ಕೈಲಾಸಂ ತಲೆಗೆ ಕಟ್ಟಬೇಕು. ಅವರದಲ್ಲ ಎಂದು ಯಾರಾದರೂ ತಗಾದೆ ತೆಗೆದರೆ ಬೀchi ತಲೆಗೆ ಕಟ್ಟಬೇಕು. ನೀತಿಯ ಮಾತಾದರೆ ಸರ್ವಜ್ಞ ಇದ್ದೇ ಇದ್ದಾನೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಆದರೂ ಟಿ.ವಿ. ಮೇಲೆ ಕೈಲಾಸಂ ಮಾಡಿದ ತಮಾಷೆಯೊಂದನ್ನು ನಮ್ಮೂರ ಮದುವೆ ಮನೆಯಲ್ಲಿ ನಾನು ಕಿವಿಯಾರೆ ಕೇಳಿದ್ದೇನೆ! ಜನ ಬಿದ್ದು ಬಿದ್ದು ನಕ್ಕರು. ಮೂವತ್ತೈದು ವರ್ಷ ಮೊದಲೇ ಹೋದ ಮನುಷ್ಯ ಟಿ.ವಿ. ನೋಡಿದ್ದು ಹೇಗೆಂದು ಕೇಳಿದವರು ಒಬ್ಬರೂ ಇಲ್ಲ. ನಾನೂ ಕೇಳಲಿಲ್ಲ, ಎಲೆಗೆ ಒಬ್ಬಟ್ಟು ಬಂದಿತ್ತು.

ಗಾಂಧೀಜಿಯವರಿಗೂ ಇದು ತಪ್ಪಿಲ್ಲ. ನೀವು ಬಯಸುವ ಬದಲಾವಣೆ ನೀವೇ ಆಗಿ ಎಂಬರ್ಥದ ಮಾತು ಅವರ ಚಿತ್ರದ ಕೆಳಗೆ ಲೋಕವನ್ನೆಲ್ಲಾ ಸುತ್ತುತ್ತಿದೆ. ಆ ಪದಗಳಲ್ಲಿ ಅವರು ಹೇಳಿದ್ದಕ್ಕೆ ದಾಖಲೆ ಸಿಕ್ಕಿಲ್ಲ.

ಇನ್ನು ಸರ್ಕಾರಿ ಕಚೇರಿಗಳಿಗೆ ಬನ್ನಿ. ವಿಧಾನಸೌಧದ ಹಣೆಯ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂದಿದೆ. ಅದು ಕೆಂಗಲ್ ಹನುಮಂತಯ್ಯನವರ ಕಾಲದ್ದು, ಅದರಲ್ಲಿ ಅನುಮಾನವಿಲ್ಲ. (ದೇವರ ಕೆಲಸವಾದ್ದರಿಂದ ದೇವರೇ ಮಾಡಿಕೊಳ್ಳಲಿ ಎಂದು ಬಿಟ್ಟುಬಿಟ್ಟಿದ್ದಾರೆ ಎಂಬುದು ನಮ್ಮ ಟೀ ಅಂಗಡಿಯ ವ್ಯಾಖ್ಯಾನ.) ಒಳಗೆ ಹೋದರೆ ಅಲ್ಲಲ್ಲಿ ಇನ್ನೊಂದು ಬೋರ್ಡು: 'ಕಾಯಕವೇ ಕೈಲಾಸ'. ಮೇಲೆ ಬಸವಣ್ಣನವರ ಪಟ. ನನ್ನ ನೋಟುಬುಕ್ಕಿನಲ್ಲೂ ಬಲಗಡೆ 'ಬಸವಣ್ಣ' ಎಂದೇ ಬರೆದಿದ್ದೆ.

ಆದರೆ ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ! ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ಜೀವನ ಮಾಡುತ್ತಿದ್ದ ಬಡವ ಅವನು. ಒಂದು ದಿನ ಮಾಮೂಲಿಗಿಂತ ಜಾಸ್ತಿ ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, 'ನಮಗೇಕೆ ಇಷ್ಟು? ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ' ಎಂದು ವಾಪಸ್ಸು ಅಟ್ಟಿದಳಂತೆ. ಕಥೆ ಕೇಳಿದಿರಲ್ಲ? ಈಗ ಹೇಳಿ, ಆ ಬೋರ್ಡನ್ನು ನಿಜವಾದ ಯಜಮಾನನ ಹೆಸರಿನ ಜೊತೆಗೆ, ಅವನ ಹೆಂಡತಿಯ ಮಾತಿನ ಸಮೇತ ಕಚೇರಿಯಲ್ಲಿ ತೂಗುಹಾಕಿದರೆ ಎಷ್ಟು ಜನಕ್ಕೆ ಮೇಜಿನ ಡ್ರಾಯರು ಎಳೆಯಲು ಕೈ ಬಂದೀತು? ಹೆಸರು ಬದಲಾದರೆ ಏನು ಮಹಾ ನಷ್ಟ ಎನ್ನುವವರಿಗೆ ಇದೇ ಉತ್ತರ. ಹೆಸರಿನ ಜೊತೆ ಕಥೆಯೂ ಕಳೆದುಹೋಗುತ್ತದೆ.

ಗೂಡು ಹಲವು, ನೂಲು ಒಂದು

ಸರಿ, ನಮ್ಮ ದೇವಸ್ಥಾನಕ್ಕೆ ಬರೋಣ. ಅದೇ, ಟಾಕೀಸಿಗೆ!

ಗಾಂಧಿಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆದವರೇ, ಎದೆ ಮುಟ್ಟಿಕೊಂಡು ಹೇಳಿ. 'ಕಸ್ತೂರಿ ನಿವಾಸ' (1971) ನೋಡಿ ಅತ್ತಾಗ ನಿಮ್ಮ ಕಣ್ಣೀರು ಯಾರ ಲೆಕ್ಕಕ್ಕೆ ಹೋಯಿತು? ರಾಜ್‌ಕುಮಾರ್ ಲೆಕ್ಕಕ್ಕೆ. ಸರಿಯೇ, ಅವರ ಪಾಲು ಅವರಿಗೆ ಸಲ್ಲಲೇಬೇಕು. ಆದರೆ ಆ ಬಾಯಿಗೆ ಮಾತು ಕೊಟ್ಟವರು ಚಿ. ಉದಯಶಂಕರ್. ರಾಜ್ ಅವರ ಎಷ್ಟೋ ಚಿತ್ರಗಳಿಗೆ ಮಾತು, ಹಾಡು ಎರಡನ್ನೂ ಬರೆದು 1993ರಲ್ಲಿ ಸದ್ದಿಲ್ಲದೆ ಎದ್ದು ಹೋದ ಮನುಷ್ಯ. 'ಬಭ್ರುವಾಹನ'ದಲ್ಲಿ (1977) ಅಪ್ಪ ಮಗ ಎದುರುಬದುರು ನಿಂತು ಗುಡುಗಿದರಲ್ಲ, ಆ ಗುಡುಗಿನ ಹಿಂದೆ ಮೋಡದಂತೆ ನಿಂತಿದ್ದವರು ಹುಣಸೂರು ಕೃಷ್ಣಮೂರ್ತಿ. ಟೈಟಲ್ ಕಾರ್ಡಿನಲ್ಲಿ ಇವರ ಹೆಸರು ಬರುವ ಹೊತ್ತಿಗೆ ನಾವೆಲ್ಲಿದ್ದೆವು? ಹೊರಗೆ ಕಡಲೆಕಾಯಿ ಕೊಳ್ಳುತ್ತಿದ್ದೆವು!

ನಮ್ಮದು ಗಡಿ ಸೀಮೆ. ಇಲ್ಲಿ ಕನ್ನಡ ಚಿತ್ರ ಎಷ್ಟು ಓಡಿತೋ ತೆಲುಗು ಚಿತ್ರವೂ ಅಷ್ಟೇ ಓಡಿತು. 'ಮಾಯಾಬಜಾರ್' (1957) ನೋಡದ ತಾತ ನಮ್ಮೂರಲ್ಲಿ ಸಿಗುವುದು ಕಷ್ಟ. ಅದರಲ್ಲಿ ಘಟೋತ್ಕಚನಾದ ಎಸ್.ವಿ. ರಂಗರಾವ್ ಒಂದು ಮಾತು ಹೇಳುತ್ತಾರೆ. ಯಾರೂ ಹುಟ್ಟಿಸದೆ ಹೋದರೆ ಮಾತು ಹುಟ್ಟುವುದು ಹೇಗೆ ಎಂಬ ಅರ್ಥದ್ದು. ಇವತ್ತಿಗೂ ಜನ ಅದನ್ನು ಘಟೋತ್ಕಚನ ಗತ್ತಿನಲ್ಲೇ ಹೇಳಿ ಮೀಸೆ ತಿರುವುತ್ತಾರೆ. ಆ ಮಾತನ್ನೇ ಹುಟ್ಟಿಸಿದವರು ಪಿಂಗಳಿ ನಾಗೇಂದ್ರರಾವ್ ಎಂದು ಎಷ್ಟು ಜನಕ್ಕೆ ಗೊತ್ತು? ಮಾತು ಹುಟ್ಟಿಸುವವನ ಬಗ್ಗೆ ಬರೆದವನ ಹೆಸರೇ ಮರೆತುಹೋಯಿತು. ಇದಕ್ಕಿಂತ ದೊಡ್ಡ ಮಾಯಾಬಜಾರು ಉಂಟೇ?

ಬೊಂಬಾಯಿಯ ಸಲೀಂ-ಜಾವೇದ್ ಮಾತ್ರ ಇದಕ್ಕೆ ಒಪ್ಪುವ ಆಸಾಮಿಗಳಲ್ಲ. 'ಜಂಜೀರ್' (1973) ಬಿಡುಗಡೆಯಾದಾಗ ಪೋಸ್ಟರಿನಲ್ಲಿ ತಮ್ಮ ಹೆಸರು ಇಲ್ಲದ್ದನ್ನು ನೋಡಿ, ಪೇಂಟರನ್ನು ಗೊತ್ತುಮಾಡಿ, ಊರ ಪೋಸ್ಟರುಗಳ ಮೇಲೆಲ್ಲಾ ತಮ್ಮ ಹೆಸರು ಬರೆಸಿಬಿಟ್ಟರಂತೆ! ಎರಡೇ ವರ್ಷ, 1975ರ ಆಗಸ್ಟ್ 15ಕ್ಕೆ 'ಶೋಲೆ' ಬಂತು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರ. ಅದರ ಡೈಲಾಗುಗಳನ್ನೇ ಗ್ರಾಮಫೋನ್ ರೆಕಾರ್ಡು ಮಾಡಿ ಮಾರಿದರು. ಹಾಡಿಲ್ಲದ ರೆಕಾರ್ಡನ್ನು ಜನ ಕೊಂಡುಕೊಂಡರು! ಆದರೆ ಆಗ ತುರ್ತುಪರಿಸ್ಥಿತಿ. ಠಾಕೂರ್ ಸಾಹೇಬರು ಗಬ್ಬರನನ್ನು ಕೊಲ್ಲುವ ಕ್ಲೈಮ್ಯಾಕ್ಸ್ ಸೆನ್ಸಾರಿಗೆ ಒಪ್ಪಿಗೆಯಾಗಲಿಲ್ಲ, ಪೊಲೀಸರು ಬಂದು ಹಿಡಿದುಕೊಂಡು ಹೋಗುವಂತೆ ಬದಲಾಯಿಸಬೇಕಾಯಿತು. ಮಾತು ಬರೆದವರು ಒಬ್ಬರು, ಆಡಿದವರು ಒಬ್ಬರು, ಕಡೇ ಮಾತು ಮಾತ್ರ ಸರ್ಕಾರದ್ದು!

ಹಾಲಿವುಡ್ಡಿನಲ್ಲಿ ಇನ್ನೂ ಒಂದು ತಮಾಷೆ. 'ಕಾಸಾಬ್ಲಾಂಕಾ' (1942) ಎಂದ ತಕ್ಷಣ, ಇನ್ನೊಮ್ಮೆ ನುಡಿಸು ಸ್ಯಾಮ್ ಎಂಬ ಡೈಲಾಗನ್ನು ಲೋಕವೆಲ್ಲಾ ಉದ್ಧರಿಸುತ್ತದೆ. ಆ ಚಿತ್ರದಲ್ಲಿ ಆ ಪದಗಳಲ್ಲಿ ಆ ಮಾತು ಇಲ್ಲವೇ ಇಲ್ಲ! ಯಾರೂ ಬರೆಯದ ಡೈಲಾಗು, ಯಾರೂ ಆಡದ ಡೈಲಾಗು, ಎಲ್ಲರಿಗೂ ಬಾಯಿಪಾಠ!

ನಮ್ಮಪ್ಪ ರೇಷ್ಮೆ ನೂಲು ಬಿಚ್ಚುವ ಕಸುಬಿನವರು. ಬಿಸಿನೀರಿನಲ್ಲಿ ಬೆಂದ ಹಲವು ಗೂಡುಗಳ ಎಳೆಗಳನ್ನು ಸೇರಿಸಿ ಒಂದು ನೂಲು ತೆಗೆಯುತ್ತಿದ್ದರು. ಸೀರೆಯಾದ ಮೇಲೆ ಯಾವ ಎಳೆ ಯಾವ ಹುಳದ್ದು ಎಂದು ಬ್ರಹ್ಮನೂ ಹೇಳಲಾರ. ಸಿನಿಮಾ ಡೈಲಾಗೂ ಹಾಗೆಯೇ. ಸೀರೆ ಉಟ್ಟವಳನ್ನು ಹೊಗಳುತ್ತೇವೆ. ಹುಳ ಗೂಡಿನಲ್ಲೇ ಬೆಂದಿರುತ್ತದೆ.

ಬಣ್ಣ ಹಚ್ಚಿದವರು, ಬಾವುಟ ಹಿಡಿದವರು

ಇಷ್ಟೇ ಆಗಿದ್ದರೆ ಸಿನಿಮಾದವರ ಮನೆ ಜಗಳ ಎಂದು ಬಿಡಬಹುದಿತ್ತು. ಆದರೆ ಸಾಲ ತಂದ ಮಾತಿಗೆ ಓಟು ಬೀಳುತ್ತದೆ ನೋಡಿ, ಅಲ್ಲಿಂದ ಶುರು ತೊಂದರೆ.

1983ರ ಜನವರಿ ನೆನಪಿದೆಯೇ? ನೀವು ಹುಟ್ಟಿರಲಿಕ್ಕಿಲ್ಲ, ನಾನೇ ಹೇಳುತ್ತೇನೆ. ಆಚೆ ಆಂಧ್ರದಲ್ಲಿ ಎನ್.ಟಿ. ರಾಮರಾವ್. 1982ರ ಮಾರ್ಚಿನಲ್ಲಿ ಪಕ್ಷ ಕಟ್ಟಿ, ವರ್ಷ ತುಂಬುವುದರೊಳಗೆ ಮುಖ್ಯಮಂತ್ರಿ! ತೆರೆಯ ಮೇಲೆ ಕೃಷ್ಣನಾಗಿ ಕಂಡವರು ವ್ಯಾನಿನ ಮೇಲೆ ನಿಂತು ಬಂದರೆ, ಜನಕ್ಕೆ ಕೇಳಿಸಿದ್ದು ಭಾಷಣವೋ ಗೀತೋಪದೇಶವೋ ಯಾರು ಬಲ್ಲರು? ಈಚೆ ನಮ್ಮಲ್ಲಿ ಅದೇ ತಿಂಗಳು ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ.

ನಮ್ಮ ರಾಜ್‌ಕುಮಾರ್ ದಾರಿ ಬೇರೆ. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ಅವರನ್ನು ನಿಲ್ಲಿಸಲು ವಿರೋಧ ಪಕ್ಷದವರು ಪ್ರಯತ್ನಪಟ್ಟರು. ಅವರು ಒಪ್ಪಲಿಲ್ಲ. ವೀರೇಂದ್ರ ಪಾಟೀಲರು ನಿಂತರು, ಸೋತರು. 1982ರ ಗೋಕಾಕ್ ಚಳವಳಿಯಲ್ಲಿ ರಾಜ್ ಬೀದಿಗೆ ಬಂದರು. ಆದರೆ ಬಂದದ್ದು ಭಾಷೆಗಾಗಿ, ಕುರ್ಚಿಗಾಗಿ ಅಲ್ಲ. ತನ್ನದಲ್ಲದ ಮಾತನ್ನು ತೆರೆಯ ಮೇಲೆ ಅಷ್ಟು ಚೆನ್ನಾಗಿ ಆಡಬಲ್ಲ ಮನುಷ್ಯ, ತೆರೆಯ ಆಚೆ ಅದನ್ನು ಬಂಡವಾಳ ಮಾಡಿಕೊಳ್ಳಲಿಲ್ಲ.

ನಮ್ಮ ಪಕ್ಕದ ಗೌರಿಬಿದನೂರಿನ ಕಥೆ ಇನ್ನೊಂದು ಬಗೆ. 'ಮುಖ್ಯಮಂತ್ರಿ' ನಾಟಕದ ಪಾತ್ರದಿಂದ ಹೆಸರೇ 'ಮುಖ್ಯಮಂತ್ರಿ' ಚಂದ್ರು ಎಂದಾಯಿತು. 1985ರಲ್ಲಿ ಅಲ್ಲಿಂದ ಶಾಸಕರೂ ಆದರು. ರಂಗದ ಮೇಲೆ ನೂರಾರು ಸಲ ಮುಖ್ಯಮಂತ್ರಿ, ವಿಧಾನಸೌಧದಲ್ಲಿ ಒಂದು ಸಲವೂ ಇಲ್ಲ! ಅಂಬರೀಶ್ ಅವರದೂ ಅಷ್ಟೇ. 1998, 1999, 2004, ಹೀಗೆ ಮೂರು ಸಲ ಮಂಡ್ಯದಿಂದ ಲೋಕಸಭೆಗೆ ಹೋದರು, ದೆಹಲಿಯಲ್ಲಿ ಮಂತ್ರಿಯೂ ಆದರು. ಆದರೆ ಅಭಿಮಾನಿಗಳಿಗೆ ಬೇಕಿದ್ದದ್ದು 'ಅಂತ' (1981) ಚಿತ್ರದ ಕನ್ವರ್‌ಲಾಲ್ ಡೈಲಾಗು. ಬಜೆಟ್ಟಿನ ಅಂಕಿಅಂಶ ಕೇಳಲು ಯಾರು ಸ್ವಾಮಿ ಟ್ರ್ಯಾಕ್ಟರ್ ಹತ್ತಿ ಬರುತ್ತಾರೆ?

ಗೋಡೆ ಮೇಲಿನ ಪಾಪ

ಈಗ ತಪ್ಪೊಪ್ಪಿಗೆ. ಅದೇ 1983ರ ಚುನಾವಣೆ. ನನಗೆ ಇಪ್ಪತ್ತು ವರ್ಷ, ಕೆಲಸವಿಲ್ಲ, ಕೈಯಲ್ಲಿ ಬ್ರಷ್ಷು. ಒಬ್ಬ ಅಭ್ಯರ್ಥಿಯ ಕಡೆಯವರು ಗೋಡೆ ಬರೆಯಲು ಕರೆದರು. ಗೋಡೆಗೆ ಇಷ್ಟು, ರಾತ್ರಿಗೆ ಪರೋಟ. ಗುರುತು ಬರೆದೆ, ಹೆಸರು ಬರೆದೆ. ಜಾಗ ಉಳಿಯಿತು. ನನ್ನ ತಲೆಯಲ್ಲಿ ಹುಟ್ಟಿದ ಒಂದು ಸಾಲು ಗೀಚಿದೆ:

'ತೂತು ಬಿದ್ದ ಕೊಡಕ್ಕೆ ನೀರು, ಮಾತು ತಪ್ಪಿದವನಿಗೆ ಓಟು – ಎರಡೂ ದಂಡ!'

ಬರೆದು ಹಿಂದೆ ಸರಿದು ನೋಡಿದೆ. ಭೇಷಾಗಿತ್ತು! ಆದರೆ ಕೆಳಗೆ ನನ್ನ ಹೆಸರು ಬರೆದರೆ ನಾಯಿಯೂ ಓದುವುದಿಲ್ಲ. ಸರಿ, ಒಬ್ಬ ದೊಡ್ಡ ನಟರ ಹೆಸರು ಬರೆದೆ. ಯಾರು ಎಂದು ಕೇಳಬೇಡಿ. ಆ ಹೆಸರನ್ನು ಒಮ್ಮೆ ಕೆಡಿಸಿದ್ದು ಸಾಕು. ಪಾಪ, ಅವರು ನಮ್ಮೂರ ಚುನಾವಣೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಮೂರು ದಿನದಲ್ಲಿ ಆ ಸಾಲು ಊರ ಬಾಯಲ್ಲಿತ್ತು. "ಅವ್ರೇ ಹೇಳವ್ರಂತೆ!"

ನಮ್ಮಪ್ಪ ಅಲ್ಲಿಯವರೆಗೂ ಒಂದೇ ಗುರುತಿಗೆ ಮುದ್ರೆ ಒತ್ತಿದವರು. ಯಾರ ಭಾಷಣಕ್ಕೂ ಬಗ್ಗಿದವರಲ್ಲ. ಗೂಡಿನ ಮಾರ್ಕೆಟ್ಟಿನಲ್ಲಿ ಅವರನ್ನು ಏಮಾರಿಸಿದವರೂ ಇಲ್ಲ. ಹರಾಜಿಗೆ ಬಂದ ಲಾಟಿನಿಂದ ಒಂದು ಗೂಡು ತೆಗೆದು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳದ ಸದ್ದು ಕೇಳಿಯೇ ಬೆಲೆ ಕೂಗುತ್ತಿದ್ದರು. ಅಂಥ ಮನುಷ್ಯ ಓಟಿನ ದಿನ ಬೆಳಿಗ್ಗೆ ತಲೆಗೆ ಟವೆಲ್ ಸುತ್ತಿಕೊಳ್ಳುತ್ತಾ ಅಮ್ಮನಿಗೆ ಹೇಳಿದರು: "ಈ ಸಲ ಬದ್ಲಾಯ್ಸನ ಕಣೆ. ಅವ್ರು ಸುಮ್ ಸುಮ್ಕೆ ಹೇಳೋ ಮನುಸ್ಯ ಅಲ್ಲ. ಅವ್ರು ಹೇಳವ್ರೆ ಅಂದ್ಮೇಲೆ ಮುಗೀತು."

ನಾನು ಬಾಗಿಲಲ್ಲೇ ನಿಂತಿದ್ದೆ. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಬಣ್ಣವಿತ್ತು. 'ಅಪ್ಪಾ, ಅದು ನಾನು ಬರೆದದ್ದು' ಎಂದು ಬಾಯಿಗೆ ಬಂತು. ಹೇಳಲಿಲ್ಲ.

ಆ ಅಭ್ಯರ್ಥಿ ಸೋತರು. ಪರೋಟದ ಬಾಕಿಯೂ ಬರಲಿಲ್ಲ. ಅದು ಹೋಗಲಿ. ಆದರೆ ಅಪ್ಪ ತೀರಿಕೊಳ್ಳುವವರೆಗೂ ಮನೆಗೆ ಬಂದವರ ಮುಂದೆಲ್ಲಾ ಆ ಸಾಲು ಹೇಳಿ, ಆ ನಟರಿಗೆ ಕೈ ಮುಗಿಯುತ್ತಿದ್ದರು. ನನ್ನ ಬರವಣಿಗೆಗೆ ಸಿಕ್ಕ ದೊಡ್ಡ ಮೆಚ್ಚುಗೆ ಅದು. ಸಿಕ್ಕಿದ್ದು ಇನ್ನೊಬ್ಬರ ವಿಳಾಸಕ್ಕೆ. ಅಪ್ಪನಿಗೆ ನಾನು ನಿಜ ಹೇಳಬಹುದಾಗಿದ್ದ ದಿನಗಳು ಎಷ್ಟೋ ಇದ್ದವು. ಒಂದು ದಿನವೂ ಹೇಳಲಿಲ್ಲ.

ಬಡ್ಡಿ ಸಮೇತ ವಾಪಸ್ಸು

ಹೋದ ತಿಂಗಳು ಅಕ್ಕನ ಮಗ ಮೊಬೈಲು ಹಿಡಿದು ಓಡಿ ಬಂದ. "ಮಾವಾ, ನೋಡಿ ಎಂಥಾ ಡೈಲಾಗು! ನಮ್ ಬಾಸ್ ಹೇಳಿರೋದು!"

ನೋಡಿದೆ. ಸೂರ್ಯೋದಯ, ಗುಲಾಬಿ ಹೂವು, 'ಶುಭೋದಯ', ಈಗಿನ ಒಬ್ಬ ಹೀರೋನ ನಗುಮುಖ. ಕೆಳಗೆ... ತೂತು ಬಿದ್ದ ಕೊಡ! ನನ್ನದೇ ಕೊಡ! ಆ ಹೀರೋ 1983ರಲ್ಲಿ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದಿರಬೇಕು.

"ಲೋ, ಇದು ನಾನು ಬರೆದದ್ದು ಕಣೋ" ಎಂದೆ.

ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೋಗಿ ಮಾವ, ನೀವಾ? ಹಂಗಾದ್ರೆ ಶೋಲೆನೂ ನೀವೇ ಬರ್ದಿರಾ?"

ನನಗೆ ತಕ್ಕ ಶಾಸ್ತಿ ಎಂದರೆ ಇದೇ! ಸುಳ್ಳು ಹೇಳಿದಾಗ ಊರೆಲ್ಲಾ ನಂಬಿತು, ನಿಜ ಹೇಳಿದರೆ ಅಕ್ಕನ ಮಗನೂ ನಂಬಲಿಲ್ಲ.

ನಕ್ಕು ಮುಗಿಸಿದ ಮೇಲೆ ಅವನೇ ಕೇಳಿದ: "ಅಲ್ಲ ಮಾವ, ಹಂಗಾದ್ರೆ ನಿಜ್ವಾಗ್ಲೂ ಯಾರ್ ಹೇಳಿದ್ದು ಅಂತ ನಮ್ಗೆ ಹೆಂಗ್ ಗೊತ್ತಾಗ್ಬೇಕು?"

ಅಪ್ಪನ ಗೂಡು ನೆನಪಾಯಿತು. "ಕಿವಿ ಹತ್ರ ಇಟ್ಕೊಂಡು ಅಲ್ಲಾಡಿಸು" ಎಂದೆ. ಎಲ್ಲಿ ಹೇಳಿದರು? ಯಾವ ವರ್ಷ? ಯಾವ ಸಿನಿಮಾ, ಯಾವ ಭಾಷಣ, ಯಾವ ಪುಸ್ತಕ? ಉತ್ತರ ಬಂದರೆ ಒಳಗೆ ಹುಳ ಇದೆ. ಬರೀ ಫೋಟೋ, ಹೂವು, ಸೂರ್ಯೋದಯ ಇದ್ದರೆ ಟೊಳ್ಳು ಗೂಡು, ಹರಾಜು ಕೂಗಬೇಡ. ಅದರಲ್ಲೂ ಚುನಾವಣೆಯ ವಾರದಲ್ಲಿ ತೀರಿಹೋದ ನಟರೊಬ್ಬರು ಎದ್ದು ಬಂದು 'ಇಂಥವರಿಗೇ ಓಟು ಹಾಕಿ' ಎಂದರೆ ಎರಡು ಸಲ ಅಲ್ಲಾಡಿಸು. ಯಾಕೆಂದರೆ ಎಲ್ಲೋ ಒಂದು ಮನೆಯಲ್ಲಿ ಯಾರನ್ನೂ ನಂಬದ ಒಬ್ಬ ಅಪ್ಪ ಇರುತ್ತಾನೆ. ಅವನು ಆ ಒಂದು ಹೆಸರನ್ನು ಮಾತ್ರ ನಂಬಿರುತ್ತಾನೆ.

ಹುಡುಗ ಸ್ವಲ್ಪ ಹೊತ್ತು ಮೊಬೈಲನ್ನೇ ನೋಡಿದ. ಆಮೇಲೆ ಅದನ್ನು ನಿಜವಾಗಿಯೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ! ಈಗಿನ ಹುಡುಗರಿಗೆ ಬುದ್ಧಿ ಇಲ್ಲ ಎಂದವರು ಯಾರು?

ನಾನೂ ಬುದ್ಧಿ ಕಲಿತಿದ್ದೇನೆ. ನೋಟುಬುಕ್ಕಿನ ಬಲಗಡೆ ಎಷ್ಟೋ ಹೆಸರು ಹೊಡೆದು ಹಾಕಿದ್ದೇನೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕೇಳುವಾಗಲೂ ಈಗ ಮೂಲ ಸಮೇತ ಹೇಳುತ್ತೇನೆ: "ವಿಜಯಪುರ ಸ್ವಾಮಿ. ದೇವನಹಳ್ಳಿ ಪಕ್ಕದ್ದು. ರೇಷ್ಮೆ ಗೂಡಿನದ್ದು. ಮೊದಲಿನ ಹೆಸರು ವಡಿಗೇನಹಳ್ಳಿ."

ಹೊದಿಕೆ ತಂದಿದ್ದೀರಾ ಎಂದು ಆಮೇಲೆ ಯಾರೂ ಕೇಳಿಲ್ಲ.